1978ರ ‘ಸೂಪರ್‌ಮ್ಯಾನ್’ ಮತ್ತೆ ನೋಡೋಕೆ ಯಾವ ಆವೃತ್ತಿ? ಚಿತ್ರ ಮಸುಕಾಗಿ ಕಾಣೋದು ಯಾಕೆ?

ಪರದೆಪ್ರಿಯ:
ರಿಚರ್ಡ್ ಡಾನರ್ ನಿರ್ದೇಶನದ, ಕ್ರಿಸ್ಟೊಫರ್ ರೀವ್ ಇರೋ ‘ಸೂಪರ್‌ಮ್ಯಾನ್’ ಬಗ್ಗೆ ಕೇಳ್ತಿದ್ದೀನಿ. 143, 151, 188 ನಿಮಿಷ ಅಂತ ಮೂರು ಥರ ಸಿಗುತ್ತೆ. ಎಂಟು-ಹತ್ತು ವರ್ಷದ ಮಕ್ಕಳ ಜೊತೆ ನೋಡೋಕೆ ಯಾವುದು ಒಳ್ಳೇದು? ಇನ್ನೊಂದು, 55 ಇಂಚಿನ ಟಿವಿಯಲ್ಲಿ ಚಿತ್ರ ಮಂಜು ಕವಿದ ಹಾಗಿದೆ, ಹಾರುವಾಗ ಡ್ರೆಸ್ಸಿನ ನೀಲಿ ಶಾಟ್‌ನಿಂದ ಶಾಟ್‌ಗೆ ಬದಲಾಗುತ್ತೆ. ತಪ್ಪು ಡಿಸ್ಕಿಂದಾ, ಟಿವಿದಾ?

ರೀಲುಗಾರ:
ಎರಡರದ್ದೂ ಅಲ್ಲ, ಆದ್ರೆ ಟಿವಿ ಅದನ್ನ ಇನ್ನಷ್ಟು ಕೆಡಿಸ್ತಿರಬಹುದು. ಮೊದಲು ಆವೃತ್ತಿ ವಿಷಯ.

143 ನಿಮಿಷದ್ದೇ ಥಿಯೇಟರಿಗೆ ಬಂದ ಸಿನಿಮಾ. ಅದನ್ನೇ ನೋಡಿ. 151 ನಿಮಿಷದ್ದರಲ್ಲಿ ಖಳನಾಯಕ ಲೆಕ್ಸ್ ಲೂಥರ್ ಅಡಗುತಾಣಕ್ಕೆ ಹೋಗುವ ದಾರಿಯಲ್ಲಿ ಗುಂಡು, ಬೆಂಕಿ, ಮಂಜುಗಡ್ಡೆ ದಾಟೋ ದೃಶ್ಯ ಸೇರಿದೆ. ಮಕ್ಕಳಿಗೆ ಅದು ಇಷ್ಟ ಆಗುತ್ತೆ, ಆದ್ರೆ ಅದಕ್ಕೆ ಶಬ್ದವನ್ನ ಹೊಸದಾಗಿ ಮಿಕ್ಸ್ ಮಾಡಿ ಎಷ್ಟೋ ಎಫೆಕ್ಟ್‌ಗಳನ್ನೇ ಬದಲಿಸಿದ್ದಾರೆ. 188 ನಿಮಿಷದ್ದು ಟಿವಿಗಾಗಿ ಎಳೆದದ್ದು. ಪ್ರಸಾರದ ಹಕ್ಕಿಗೆ ನಿಮಿಷದ ಲೆಕ್ಕದಲ್ಲಿ ದುಡ್ಡು ಬರ್ತಿತ್ತು, ಹಾಗಾಗಿ ಕತ್ತರಿಸಿ ಬಿಸಾಕಿದ್ದನ್ನೆಲ್ಲ ವಾಪಸ್ ಅಂಟಿಸಿದರು. ಮೊದಲ ಸಲ ನೋಡೋ ಮಕ್ಕಳಿಗೆ ಅದು ಬೇಡವೇ ಬೇಡ. ಡಿಸ್ಕಿನ ಮೇಲೆ 137 ನಿಮಿಷ ಅಂತಿದ್ರೆ ಅದು ಪಾಲ್ (PAL, ಯುರೋಪ್, ಭಾರತದ ಕಡೆಯ ಟಿವಿ ಪದ್ಧತಿ) ಡಿವಿಡಿ: ಸೆಕೆಂಡಿಗೆ 24 ಫ್ರೇಮ್ ಬದಲು 25 ಓಡುತ್ತೆ, ಅಷ್ಟಕ್ಕೇ ಜಾನ್ ವಿಲಿಯಮ್ಸ್ ಸಂಗೀತದ ಶ್ರುತಿ ಏರಿಬಿಡುತ್ತೆ. 2018ರ 4ಕೆ ಡಿಸ್ಕ್ ಸಿಕ್ಕರೆ ತಗೊಳ್ಳಿ, ಅದರಲ್ಲಿರೋದು ಥಿಯೇಟರ್ ಆವೃತ್ತಿನೇ.

ಶುರುವಾದ ಕೂಡಲೇ ರಿಮೋಟ್ ಹಿಡೀಬೇಡಿ. ಪರದೆ ಸರಿದು, ‘ಜೂನ್ 1938’ ಅಂತ ಬಂದು, ನಡುವೆ ಪುಟ್ಟ ಚೌಕದಲ್ಲಿ ಕಪ್ಪು-ಬಿಳುಪು ಚಿತ್ರ ಕಾಣುತ್ತೆ. ಅದು ಬೇಕಂತಲೇ ಹಾಗೆ. ಸ್ವಲ್ಪ ಹೊತ್ತಿಗೆ ಹೆಸರುಗಳ ಅಕ್ಷರಗಳು ಆ ಚೌಕ ದಾಟಿ ಹಾರಿಕೊಂಡು ಬಂದು ಇಡೀ ಅಗಲ ತುಂಬ್ತವೆ. ಟಿವಿಯಲ್ಲಿ ಆಟೋ ಜೂಮ್ ಆನ್ ಇದ್ರೆ ಈ ಸೊಗಸೇ ಹಾಳು.

ಬೆಳಕುಗಿಂಡಿ:
ಮಂಜಿನ ವಿಚಾರ ನಾನು ಹೇಳ್ತೀನಿ. ಛಾಯಾಗ್ರಾಹಕ ಜೆಫ್ರಿ ಅನ್ಸ್‌ವರ್ತ್ ಲೆನ್ಸ್ ಮುಂದೆ ಫಾಗ್ ಫಿಲ್ಟರ್ ಹಾಕಿಯೇ ತೆಗೆದದ್ದು. ಕಿಟಕಿ, ದೀಪಗಳ ಅಂಚು ನೋಡಿ, ಬೆಳಕು ಹೊರಗೆ ಹರಡಿಕೊಂಡಿರುತ್ತೆ. ಶಾರ್ಪ್‌ನೆಸ್ ಏರಿಸಿದ್ರೆ ಮಂಜು ಹೋಗಲ್ಲ, ಅಂಚಿಗೆ ಬಿಳಿ ಗೆರೆ ಬರುತ್ತೆ, ಅಷ್ಟೇ. ಹೀಗೆ ಮಾಡಿ: ಸಿನಿಮಾ ಮೋಡ್, ಶಾರ್ಪ್‌ನೆಸ್ ಸೊನ್ನೆ (ಕೆಲವು ಟಿವಿಗಳಲ್ಲಿ ತಟಸ್ಥ ಬಿಂದು ಸೊನ್ನೆ ಅಲ್ಲ, ಅಕ್ಷರಗಳ ಅಂಚು ನೋಡ್ಕೊಂಡು ಇಳಿಸಿ), ನಾಯ್ಸ್ ರಿಡಕ್ಷನ್ ಆಫ್, ಮೋಷನ್ ಸ್ಮೂದಿಂಗ್ ಆಫ್. ಈ ಕೊನೇದು ಮುಖ್ಯ. ಹಾರುವ ಶಾಟ್‌ನಲ್ಲಿ ಮನುಷ್ಯ, ಹಿನ್ನೆಲೆ ಬೇರೆ ಬೇರೆ ಚಿತ್ರ. ಟಿವಿ ನಡುವೆ ಹೊಸ ಫ್ರೇಮ್ ಹುಟ್ಟಿಸಿದಾಗ ಕೇಪಿನ ಅಂಚು ಹರಿದ ಹಾಗೆ ಕಾಣುತ್ತೆ.

ಈಗ ನೀಲಿ. ಬ್ಲೂ ಸ್ಕ್ರೀನ್ (ಆಮೇಲೆ ಅಳಿಸಿ ಬೇರೆ ಹಿನ್ನೆಲೆ ಕೂರಿಸೋಕೆ ಹಾಕೋ ನೀಲಿ ಪರದೆ) ಮುಂದೆ ನೀಲಿ ಡ್ರೆಸ್ ಹಾಕಿ ನಿಂತರೆ ಪರದೆ ಜೊತೆ ಮೈಯೂ ಮಾಯ. ಹಾಗಾಗಿ ಆ ಶಾಟ್‌ಗಳಿಗೆ ಹಸಿರು ಕಡೆ ವಾಲಿದ ಡ್ರೆಸ್ ಹೊಲಿಸಿ, ಆಮೇಲೆ ಲ್ಯಾಬಿನಲ್ಲಿ ನೀಲಿಗೆ ತಿದ್ದಿದರು. ತಿದ್ದಿದ್ದು ಎಲ್ಲಾ ಕಡೆ ಒಂದೇ ಸಮ ಬರಲಿಲ್ಲ. ನಿಮಗೆ ಕಾಣ್ತಿರೋದು ಅದೇ.

ಇಡೀ ಸಿನಿಮಾದಲ್ಲಿ ಗಮನ ಕೊಟ್ಟು ನೋಡಬೇಕಾದ್ದು ಮಾತ್ರ ಫ್ರಂಟ್ ಪ್ರೊಜೆಕ್ಷನ್, ಅಂದ್ರೆ ನಟನ ಹಿಂದಿನ ಪರದೆ ಮೇಲೆ ಮುಂದಿನಿಂದಲೇ ಹಿನ್ನೆಲೆ ಚಿತ್ರ ಬಿಡೋದು. ಕ್ಯಾಮೆರಾ ಮುಂದೆ 45 ಡಿಗ್ರಿಗೆ ಅರೆಗನ್ನಡಿ, ಪಕ್ಕದಿಂದ ಪ್ರೊಜೆಕ್ಟರ್. ಬೆಳಕು ಕನ್ನಡಿಗೆ ಬಡಿದು, ಕ್ಯಾಮೆರಾ ನೋಡೋ ದಾರಿಯಲ್ಲೇ ಹೋಗಿ, ನಟನ ಹಿಂದಿನ ಸ್ಕಾಚ್‌ಲೈಟ್ ಪರದೆ ಮುಟ್ಟುತ್ತೆ. ಆ ಪರದೆಯಲ್ಲಿರೋ ಸಣ್ಣ ಗಾಜಿನ ಮಣಿಗಳು ಬೆಳಕನ್ನ ಬಂದ ದಾರಿಗೇ ವಾಪಸ್ ಕಳಿಸ್ತವೆ. ನಟನ ನೆರಳು ಅವನ ಬೆನ್ನ ಹಿಂದೆಯೇ ಅಡಗುತ್ತೆ. ಅವನ ಮೈಮೇಲೂ ಚಿತ್ರ ಬೀಳುತ್ತೆ, ಆದ್ರೆ ಪರದೆ ಎದುರು ಅದು ತೀರಾ ಮಂಕು, ಸ್ಟುಡಿಯೊ ಲೈಟಿನಲ್ಲಿ ಅಳಿಸಿಹೋಗುತ್ತೆ. ಜೋಡಣೆ ಕೂದಲೆಳೆ ತಪ್ಪಿದ್ರೂ ಮೈಯ ಒಂದು ಪಕ್ಕ ಕಪ್ಪು ಗೆರೆ ಬರುತ್ತೆ.

ಎಫೆಕ್ಟ್ ತಜ್ಞ ಜೋರಾನ್ ಪೆರಿಸಿಕ್ ಇದರ ಮೇಲೆ ಕಟ್ಟಿದ್ದು ‘ಜಾಪ್ಟಿಕ್’. ಕ್ಯಾಮೆರಾಗೂ ಜೂಮ್, ಪ್ರೊಜೆಕ್ಟರಿಗೂ ಜೂಮ್, ಎರಡೂ ಒಟ್ಟಿಗೆ ತಿರುಗಬೇಕು. ಕ್ಯಾಮೆರಾ ಹತ್ತಿರಕ್ಕೆ ಎಳೆದಷ್ಟೂ ಪ್ರೊಜೆಕ್ಟರ್ ಚಿತ್ರ ಕುಗ್ಗುತ್ತೆ, ಹಾಗಾಗಿ ಹಿನ್ನೆಲೆ ಇದ್ದಷ್ಟೇ ಇರುತ್ತೆ, ರೀವ್ ಮಾತ್ರ ದೊಡ್ಡದಾಗ್ತಾ ಹೋಗ್ತಾನೆ. ಅವನು ಕಂಬದ ತುದಿಯಲ್ಲಿ ಅಲ್ಲೇ ಇದ್ದಾನೆ, ನಮಗೆ ನಮ್ಮ ಕಡೆ ಹಾರಿಬಂದ ಹಾಗೆ! ಸೂಪರ್‌ಮ್ಯಾನ್ ಹುಟ್ಟಿದ ಗ್ರಹ ಕ್ರಿಪ್ಟಾನ್‌ನ ಜನರ ಬಟ್ಟೆ ಹೊಳೆಯೋದಕ್ಕೂ ಇದೇ ಸ್ಕಾಚ್‌ಲೈಟ್ ಕಾರಣ. ಟಿವಿ ಕಾಂಟ್ರಾಸ್ಟ್ ಏರಿಸಿದ್ರೆ ಆ ಬಟ್ಟೆಯ ನೇಯ್ಗೆ ಕಾಣದೆ ಬರೀ ಬಿಳಿ ತೇಪೆ ಆಗುತ್ತೆ.

ಪರದೆಪ್ರಿಯ:
ಸ್ಮೂದಿಂಗ್ ಆನ್ ಇತ್ತು, ತೆಗೆದೆ. ಅಣೆಕಟ್ಟು ಒಡೆಯೋ ದೃಶ್ಯ ಮಾತ್ರ ಈಗಲೂ ಆಟಿಕೆ ಥರ ಕಾಣುತ್ತೆ.

ರೀಲುಗಾರ:
ಅದಕ್ಕೆ ಸೆಟ್ಟಿಂಗ್‌ನಲ್ಲಿ ಮದ್ದಿಲ್ಲ. ಆ ಅಣೆಕಟ್ಟು ಪುಟ್ಟ ಮಾಡೆಲ್. ಮಾಡೆಲ್‌ಗಳಲ್ಲಿ ಡೆರೆಕ್ ಮೆಡಿಂಗ್ಸ್ ನಿಜಕ್ಕೂ ದೊಡ್ಡ ಕೈ, ಆದ್ರೆ ನೀರು ಯಾರ ಮಾತೂ ಕೇಳಲ್ಲ. ಮಾಡೆಲ್ 16ನೇ ಒಂದು ಭಾಗ ಇದ್ರೆ ವರ್ಗಮೂಲದ ಲೆಕ್ಕದಲ್ಲಿ ನಾಲ್ಕು ಪಟ್ಟು ವೇಗ, ಅಂದ್ರೆ ಸೆಕೆಂಡಿಗೆ 96 ಫ್ರೇಮ್ ತೆಗೆದ್ರೆ ಬೀಳುವಿಕೆ ಭಾರವಾಗಿ ಕಾಣುತ್ತೆ. ಹನಿ ಗಾತ್ರ ಮಾತ್ರ ಚಿಕ್ಕದಾಗಲ್ಲ, ಕಣ್ಣು ಅಲ್ಲೇ ಹಿಡಿದುಬಿಡುತ್ತೆ.

ಮಕ್ಕಳಿಗೆ ಇನ್ನೊಂದು: ರೀವ್ ಡ್ರೆಸ್ಸಿನಲ್ಲಿ ಕಾಣೋಕೆ ಮುಕ್ಕಾಲು ಗಂಟೆ ಬೇಕು. ಹಿಮದ ಕೋಟೆಯಿಂದ ಮೊದಲ ಸಲ ಹಾರಿಬರ್ತಾನಲ್ಲ, ಅಲ್ಲಿ ಇಂಟರ್‌ವಲ್ ಕೊಡಿ. ಹೆಲಿಕಾಪ್ಟರ್ ದೃಶ್ಯ ಅದಾದ ಮೇಲೆ ಬರುತ್ತೆ.

ಎರಡನೇಪಾಳಿ:
ಎರಡನೇ ಭಾಗವನ್ನೂ ನೋಡೋ ಯೋಚನೆ ಇದ್ರೆ ಜೋಪಾನ. ಎರಡೂ ಒಟ್ಟಿಗೆ ಶೂಟ್ ಆಗ್ತಿದ್ದವು. ಡಾನರ್‌ನ ತೆಗೆದ ಮೇಲೆ ರಿಚರ್ಡ್ ಲೆಸ್ಟರ್ ಮುಗಿಸಿದ್ರು. ಕಾಲ ಹಿಂದಕ್ಕೆ ತಿರುಗಿಸೋ ಕ್ಲೈಮ್ಯಾಕ್ಸ್ ಮೂಲದಲ್ಲಿ ಎರಡನೇದಕ್ಕೆ ಅಂತಿತ್ತು, ಮೊದಲನೇದಕ್ಕೆ ತಂದುಬಿಟ್ಟರು. 2006ರ ಡಾನರ್ ಕಟ್‌ನಲ್ಲಿ (ಎರಡನೇ ಭಾಗದ ಡಾನರ್ ಆವೃತ್ತಿ) ಅದು ಮತ್ತೆ ಎರಡನೇದರ ಕೊನೆಗೆ ಬಂದಿದೆ. ಬೆನ್ನುಬೆನ್ನಿಗೆ ನೋಡಿದ್ರೆ ಅದೇ ಮುಕ್ತಾಯ ಎರಡು ಸಲ. ಮಕ್ಕಳಿಗೆ ಮೊದಲು ಲೆಸ್ಟರ್ ಆವೃತ್ತಿ ತೋರಿಸಿ. ಡಾನರ್ ಕಟ್ ಹಾಕೋ ದಿನ ಒಂದು ಮಾತು ಮೊದಲೇ ಹೇಳಿಡಿ: ನಾಯಕಿ ಲೋಯಿಸ್ ಗುಂಡು ಹಾರಿಸೋ ಹೋಟೆಲ್ ದೃಶ್ಯ ಶೂಟಿಂಗೇ ಆಗಿರಲಿಲ್ಲ, ಸ್ಕ್ರೀನ್ ಟೆಸ್ಟ್ ತುಣುಕುಗಳಿಂದ ಜೋಡಿಸಿದ್ದು. ರೀವ್ ಅಲ್ಲಿ ಇನ್ನೂ ತೆಳ್ಳಗಿದ್ದಾನೆ, ಕೂದಲೂ ಕನ್ನಡಕವೂ ಶಾಟ್‌ನಿಂದ ಶಾಟ್‌ಗೆ ಬೇರೆ.