ಅಕೌಸ್ಟಿಕ್ ಗಿಟಾರ್‌ನಲ್ಲಿ ಯಾರನ್ನಾದರೂ ‘ಅತ್ಯುತ್ತಮ’ ಎನ್ನಬಹುದೇ?

ಆರು ತಂತಿ, ಹುಬ್ಬಳ್ಳಿ:

ಗಿಟಾರ್ ಕಲಿಯಲು ಆರಂಭಿಸಿ ಹದಿನಾಲ್ಕು ತಿಂಗಳಾಯಿತು. ಕಳೆದ ಶನಿವಾರ ಹಾಸ್ಟೆಲ್‌ನಲ್ಲಿ ರಾತ್ರಿ ಎರಡು ಗಂಟೆಯವರೆಗೆ ವಾದ ನಡೆಯಿತು. ಕೊನೆಗೆ ನನ್ನ ಕೊಠಡಿಯ ಗೆಳೆಯ ಮುನಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ಆಸ್ಟ್ರೇಲಿಯಾದ ಟಾಮಿ ಇಮ್ಯಾನುಯೆಲ್ ಅವರನ್ನು ಮೀರಿಸುವವರು ಯಾರೂ ಇಲ್ಲ ಎಂಬುದು ನನ್ನ ಮಾತು. ಅವರ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಲಯ ಬಿಡದೆ ಓಡಾಡುತ್ತಿರುತ್ತದೆ, ಅದೇ ಹೊತ್ತಿಗೆ ಉಳಿದ ಬೆರಳುಗಳು ಹಾಡನ್ನು ನುಡಿಸುತ್ತವೆ. ಕಣ್ಣು ಮುಚ್ಚಿ ಕೇಳಿದರೆ ಮೂವರು ಕುಳಿತಂತೆ ಕೇಳುತ್ತದೆ. ಅಮೆರಿಕದ ಹೆಸರಾಂತ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಅವರೇ 1999ರಲ್ಲಿ ಟಾಮಿ ಅವರಿಗೆ ‘ಸರ್ಟಿಫೈಡ್ ಗಿಟಾರ್ ಪ್ಲೇಯರ್’ ಎಂಬ ಬಿರುದು ಕೊಟ್ಟರು. ಆ ಬಿರುದು ಪಡೆದವರು ಬೆರಳೆಣಿಕೆಯ ಜನ. ಗೆಳೆಯ ಮಾತ್ರ ಸ್ಪೇನಿನ ಫ್ಲಮೆಂಕೊ ವಾದಕ ಪಾಕೊ ದೆ ಲೂಸಿಯಾ ಎಂದು ಪಟ್ಟು ಹಿಡಿದಿದ್ದಾನೆ. ಒಬ್ಬರನ್ನೇ ಅತ್ಯುತ್ತಮ ಎಂದು ಆರಿಸಲು ಸಾಧ್ಯವೇ? ಸಾಧ್ಯವಾದರೆ, ಯಾವುದನ್ನು ನೋಡಿ ಆರಿಸಬೇಕು?

ಕಡಲ ಕರೆ, ಮಂಗಳೂರು:

ನಿಮ್ಮ ಗೆಳೆಯನ ಪರ ನಾನಿದ್ದೇನೆ. 1980ರ ಡಿಸೆಂಬರ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದ ವಾರ್‌ಫೀಲ್ಡ್ ರಂಗಮಂದಿರದಲ್ಲಿ ಪಾಕೊ, ಅಲ್ ಡಿ ಮಿಯೋಲಾ, ಜಾನ್ ಮೆಕ್‌ಲಾಫ್ಲಿನ್ ಮೂವರೂ ಸೇರಿ ನುಡಿಸಿದ್ದನ್ನು ಕೇಳಿ. ಉಳಿದಿಬ್ಬರ ಕೈಯಲ್ಲಿ ತಂತಿ ಮೀಟುವ ಪುಟ್ಟ ಬಿಲ್ಲೆ, ಅಂದರೆ ಪಿಕ್, ಇದೆ. ಪಾಕೊ ಬರಿಯ ತೋರುಬೆರಳು ಮತ್ತು ನಡುಬೆರಳನ್ನು ಒಂದಾದ ಮೇಲೊಂದು ಊರಿ ಅವರ ವೇಗಕ್ಕೆ ಸರಿಗಟ್ಟುತ್ತಾರೆ, ಒಂದು ಸ್ವರವೂ ಮಸುಕಾಗುವುದಿಲ್ಲ. ಸ್ವರಲಿಪಿ ಓದಲು ಬಾರದ ಈ ಮನುಷ್ಯ ಸ್ಪೇನಿನ ಸಂಗೀತ ರಚನಕಾರ ರೋಡ್ರಿಗೊ ಅವರು ಗಿಟಾರ್ ಮತ್ತು ಆರ್ಕೆಸ್ಟ್ರಾಗಾಗಿ ರಚಿಸಿದ ಅರಾನ್‌ಹ್ವೆಸ್ ಕಾನ್ಸರ್ಟೊವನ್ನು ಕಲಿತು, 1991ರಲ್ಲಿ ಆರ್ಕೆಸ್ಟ್ರಾದೊಡನೆ ನುಡಿಸಿದರು. ನನಗೆ ಇಷ್ಟು ಸಾಕು.

ಎಡಗೈ, ಶಿವಮೊಗ್ಗ:

ಸಾಧ್ಯ ಎನ್ನುತ್ತೇನೆ. ‘ಎಲ್ಲರೂ ಅವರವರ ರೀತಿಯಲ್ಲಿ ಶ್ರೇಷ್ಠರು’ ಎಂದು ಹೇಳಿ ಜಾರಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಆದರೆ ವೇಗವನ್ನು ಅಳೆಯುತ್ತ ಕುಳಿತರೆ ಈ ಜಗಳ ಬಗೆಹರಿಯುವುದಿಲ್ಲ. ನಾಳೆ ಇನ್ನೊಬ್ಬ ಹುಡುಗ ಇನ್ನೂ ವೇಗವಾಗಿ ನುಡಿಸುತ್ತಾನೆ. ನಾನು ನೋಡುವುದು, ಅದುವರೆಗೆ ಯಾರ ಕೈಗೂ ಗೊತ್ತಿರದಿದ್ದ ಏನನ್ನು ಆ ವ್ಯಕ್ತಿ ಗಿಟಾರ್‌ನಿಂದ ಹೊರಡಿಸಿದರು ಎಂಬುದನ್ನು. ಟಾಮಿ ನನಗೂ ಬಹಳ ಇಷ್ಟ. ಆದರೆ ನೀವು ಬೆರಗಾದ ಆ ಹೆಬ್ಬೆರಳಿನ ನಡೆ ಅವರಿಗೆ ಬಂದದ್ದು ಚೆಟ್ ಆಟ್ಕಿನ್ಸ್ ಅವರಿಂದ, ಚೆಟ್ ಅವರಿಗೆ ಕೆಂಟಕಿಯ ಮರ್ಲ್ ಟ್ರಾವಿಸ್ ಅವರಿಂದ.

ನನ್ನ ಉತ್ತರ ಎಲಿಜಬೆತ್ ಕಾಟನ್.

ಯಾಕೆಂದು ಹೇಳಬೇಕಾದರೆ ನನ್ನ ಕಥೆಯನ್ನೇ ಹೇಳಬೇಕು. ನಾನು ಎಡಚಿ. ಹದಿಮೂರನೆಯ ವಯಸ್ಸಿನಲ್ಲಿ ಗಿಟಾರ್ ತರಗತಿಗೆ ಸೇರಿದಾಗ ಮೇಷ್ಟ್ರು, ‘ಬಲಗೈಯಲ್ಲಿ ಮೀಟುವುದಾದರೆ ಬಾ, ಇಲ್ಲದಿದ್ದರೆ ಬೇಡ’ ಎಂದರು. ಮೂರು ತಿಂಗಳು ಬಲಗೈಯಲ್ಲಿ ತಡವರಿಸಿ ಬಿಟ್ಟುಬಿಟ್ಟೆ. ಕೆಲಸ ಸಿಕ್ಕಿದ ಮೇಲೆ ಎರಡನೇ ಸಂಬಳದಲ್ಲಿ ಹಳೆಯ ಗಿಟಾರ್ ಒಂದನ್ನು ಕೊಂಡು, ಬಾಗಿಲು ಹಾಕಿಕೊಂಡು, ತಂತಿ ಬದಲಿಸದೆ ಹಾಗೆಯೇ ತಿರುಗಿಸಿ ಹಿಡಿದೆ. ಎಲ್ಲವೂ ತಲೆಕೆಳಗು. ದಪ್ಪ ತಂತಿ ತೊಡೆಯ ಕಡೆಗೆ ಹೋಯಿತು, ಹೆಬ್ಬೆರಳ ಕೆಳಗೆ ಅತಿ ತೆಳುವಾದ ತಂತಿ ಬಂತು. ಮರಕ್ಕೆ ಗೀರು ಬೀಳದಿರಲೆಂದು ಅಂಟಿಸಿದ ಪ್ಲಾಸ್ಟಿಕ್ ಹಾಳೆ ಮೇಲ್ಭಾಗಕ್ಕೆ ಬಂದು ನಿಷ್ಪ್ರಯೋಜಕವಾಯಿತು. ಕೆಳಗೆ ನನ್ನ ಉಗುರು ಕೆರೆದ ಗೀರುಗಳು ಅರ್ಧಚಂದ್ರನಂತೆ ಇಂದಿಗೂ ಕಾಣುತ್ತವೆ. ನಾನು ಮಾಡುತ್ತಿರುವುದೇ ತಪ್ಪು ಎಂದು ವರ್ಷಗಟ್ಟಲೆ ನಂಬಿದ್ದೆ.

ಆಮೇಲೆ ಕಾಟನ್ ಅವರ ಧ್ವನಿಮುದ್ರಿಕೆ ಸಿಕ್ಕಿತು. ಅಮೆರಿಕದ ನಾರ್ತ್ ಕೆರೋಲಿನಾದ ಕಪ್ಪು ಹುಡುಗಿ. ಅಣ್ಣನ ಬ್ಯಾಂಜೊವನ್ನು ಕದ್ದು ನುಡಿಸಿ ಕಲಿತವರು. ತಿಂಗಳಿಗೆ 75 ಸೆಂಟ್ ಸಂಬಳಕ್ಕೆ ಮನೆಗೆಲಸ ಮಾಡಿ, ಕೂಡಿಟ್ಟ 3.75 ಡಾಲರ್‌ಗೆ ಗಿಟಾರ್ ಕೊಂಡರು. ಎಡಚಿಯಾದ್ದರಿಂದ ಅದನ್ನು ತಿರುಗಿಸಿ ಹಿಡಿದರು, ಕೈಯನ್ನು ತಿದ್ದಿಕೊಳ್ಳಲಿಲ್ಲ. ಎಲ್ಲರೂ ಹೆಬ್ಬೆರಳಿನಿಂದ ಮಂದ್ರವನ್ನೂ ಬೆರಳುಗಳಿಂದ ಹಾಡನ್ನೂ ನುಡಿಸಿದರೆ, ಇವರ ಬೆರಳುಗಳು ಮಂದ್ರವನ್ನು ಉರುಳಿಸುತ್ತವೆ, ಹಾಡುವುದು ಹೆಬ್ಬೆರಳು. ಹೆಬ್ಬೆರಳಿನ ತೂಕ ಹಾಡಿಗೆ ಸಿಕ್ಕಾಗ ತೆಳು ತಂತಿಗೂ ಒಂದು ಮೈಕಟ್ಟು ಬರುತ್ತದೆ. ಬಾಲ್ಯದಲ್ಲೇ ಕಟ್ಟಿದ ‘ಫ್ರೈಟ್ ಟ್ರೈನ್’ ಹಾಡಿನಲ್ಲಿ ಆ ಉರುಳುವ ನಾದವನ್ನು ಕೇಳಿ, ಗೂಡ್ಸ್ ರೈಲು ಊರಾಚೆ ಹಾದುಹೋದಂತಿರುತ್ತದೆ.

ಮದುವೆ, ಚರ್ಚು, ದುಡಿಮೆಗಳ ನಡುವೆ ಅವರು ದಶಕಗಳ ಕಾಲ ಗಿಟಾರ್ ಮುಟ್ಟಲಿಲ್ಲ. ವಾಷಿಂಗ್ಟನ್ನಿನ ಮಳಿಗೆಯೊಂದರಲ್ಲಿ ಕೆಲಸಕ್ಕಿದ್ದಾಗ ದಾರಿತಪ್ಪಿದ ಪುಟ್ಟ ಹುಡುಗಿಯನ್ನು ತಾಯಿಯ ಬಳಿ ಸೇರಿಸಿದರು. ಆ ಮಗು ಪೆಗ್ಗಿ ಸೀಗರ್. ಆ ಪರಿಚಯದಿಂದ ಸೀಗರ್ ಸಂಗೀತ ಕುಟುಂಬದ ಮನೆಗೆಲಸ ಸಿಕ್ಕಿತು, ಗೋಡೆಯ ಮೇಲಿನ ಗಿಟಾರ್ ಮತ್ತೆ ಕೈಗೆ ಬಂತು. ಮೊದಲ ಆಲ್ಬಂ 1958ರಲ್ಲಿ, ಅರವತ್ತು ದಾಟಿದ ಮೇಲೆ. 1985ರಲ್ಲಿ ಗ್ರ್ಯಾಮಿ. ಇಂದು ಬಲಗೈಯವರು ‘ಕಾಟನ್ ಪಿಕಿಂಗ್’ ಎಂದು ಹೆಸರಿಟ್ಟು ಆ ನಡೆಯನ್ನು ಕಷ್ಟಪಟ್ಟು ಕಲಿಯುತ್ತಾರೆ. ಅವರ ಗಿಟಾರ್ ಮೊದಲ ಸಲ ಕೇಳಿದ ರಾತ್ರಿ ನಾನು ಅತ್ತೆ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಜೇನುಮೇಣ, ಮೈಸೂರು:

ನಾನು ವೀಣೆ ಕಲಿತವನು. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರವಾಗಿ ಕೂತಿರುತ್ತವೆ, ಹಾಗಾಗಿ ತಂತಿಯನ್ನು ಎಳೆದು ಗಮಕ ಹೊರಡಿಸಬಹುದು. ಗಿಟಾರ್‌ನಲ್ಲಿ ಬೆರಳು ಮರಕ್ಕೆ ತಾಗಿಬಿಡುತ್ತದೆ. ಮೆಕ್‌ಲಾಫ್ಲಿನ್ ಅವರು ಭಾರತೀಯ ವಾದಕರೊಡನೆ ಕಟ್ಟಿದ ‘ಶಕ್ತಿ’ ತಂಡಕ್ಕಾಗಿ ಮಾಡಿಸಿಕೊಂಡ ಅಕೌಸ್ಟಿಕ್ ಗಿಟಾರ್‌ನಲ್ಲಿ ಫ್ರೆಟ್‌ಗಳ, ಅಂದರೆ ಗಿಟಾರ್‌ನ ಮೆಟ್ಟಿಲುಗಳ, ನಡುವಿನ ಮರವನ್ನು ಬೋಗುಣಿಯಂತೆ ತೋಡಿಸಿದ್ದರು, ಅಡ್ಡಲಾಗಿ, ಉಳಿದ ತಂತಿಗಳ ನಾದಕ್ಕೆ ತಾವೂ ಮಿಡಿಯುವ ಏಳು ಅನುರಣನ ತಂತಿಗಳನ್ನೂ ಕಟ್ಟಿಸಿದ್ದರು. ವಿಕ್ಕು ವಿನಾಯಕರಾಂ ಅವರ ಘಟದ ಪಕ್ಕ ಕುಳಿತು ಅದನ್ನು ನುಡಿಸುವಾಗ ಸ್ವರ ಸ್ವರಕ್ಕೆ ಜಾರುವುದು ನನ್ನ ಕಿವಿಗೆ ಪರಕೀಯ ಎನಿಸಲೇ ಇಲ್ಲ. ಎಡಗೈ ಅವರ ಅಳತೆಗೋಲನ್ನೇ ಹಿಡಿದರೂ ನಾನು ಮೆಕ್‌ಲಾಫ್ಲಿನ್ ಅವರನ್ನೇ ಮುಂದಿಡುತ್ತೇನೆ.

ಆರು ತಂತಿ, ಹುಬ್ಬಳ್ಳಿ:

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ನಾನೂ ಗೆಳೆಯನೂ ಒಂದೇ ಇಯರ್‌ಫೋನ್ ಹಂಚಿಕೊಂಡು ಕಾಟನ್ ಅವರನ್ನು ನಾಲ್ಕು ಸಲ ಕೇಳಿದೆವು. ಎಡಗೈ ಅವರೇ, ಒಂದು ಸಂಶಯ: ‘ಫ್ರೈಟ್ ಟ್ರೈನ್’ಗೆ ಶ್ರುತಿ ಬೇರೆಯೇ?

ಎಡಗೈ, ಶಿವಮೊಗ್ಗ:

ಇಲ್ಲ, ನಿಮ್ಮ ಗಿಟಾರ್‌ನಲ್ಲಿರುವ ಮಾಮೂಲಿ ಶ್ರುತಿಯೇ. ಸಿ ಕಾರ್ಡ್‌ನಿಂದ ಆರಂಭಿಸಿ. ಮೊದಲು ಹಾಡು ಬೇಡ, ಮಂದ್ರವೊಂದನ್ನೇ ಒಂದು ವಾರ ನಿಧಾನವಾಗಿ ಉರುಳಿಸಿ.