ಮಣಿಕಟ್ಟಿನ ಹಿಡಿತ ಬಿಡಿಸುವುದು: ಬಿಗಿಯಾಗಿ ಹಿಡಿದರೆ ಏಕೆ ಆಗುವುದಿಲ್ಲ?

ಪ್ರಶ್ನೆ: ಎರಡು ದಿನದ ಆತ್ಮರಕ್ಷಣೆ ಕೋರ್ಸ್‌ನಲ್ಲಿ ಕಲಿಸುವ ಈ ಪಟ್ಟು, ಎದುರಿನವರು ನಿಜವಾಗಿ ಬಿಗಿಹಿಡಿದರೆ ಕೈಕೊಡುತ್ತದೆ. ತಪ್ಪೆಲ್ಲಿ?

ಉತ್ತರ 1: ಹಿಂದಕ್ಕೆ ಜಗ್ಗುವುದೇ ತಪ್ಪು. ಹಿಡಿತ ಸಡಿಲವಿರುವುದು ಹೆಬ್ಬೆರಳ ತುದಿ ಉಳಿದ ಬೆರಳುಗಳನ್ನು ಸೇರುವ ಸಂದಿನಲ್ಲಿ. ಮಣಿಕಟ್ಟಿನ ತೆಳು ಅಂಚನ್ನು ಆ ಸಂದಿಗೆ ತಿರುಗಿಸಿ, ಅವರತ್ತಲೇ ಒಂದು ಹೆಜ್ಜೆ ಇಡಿ, ನಿಮ್ಮ ಮೊಣಕೈಯನ್ನು ಅವರ ಮೊಣಕೈ ಕಡೆ ಒಯ್ಯಿರಿ. ಆಗ ಮುಂಗೈ ಸನ್ನೆಗೋಲಿನಂತೆ ಹೆಬ್ಬೆರಳನ್ನು ಬಿಚ್ಚುತ್ತದೆ. ದೂರ ನಿಂತು ಎಳೆದರೆ ಭುಜ ನೋಯುತ್ತದೆ, ಅಷ್ಟೇ.

ಉತ್ತರ 2: ಅವರು ಎರಡೂ ಕೈಯಿಂದ ನಿಮ್ಮ ಒಂದೇ ಮಣಿಕಟ್ಟನ್ನು ಹಿಡಿದಿದ್ದರೆ, ಬಿಡುವಿರುವ ಕೈಯಿಂದ ನಿಮ್ಮದೇ ಮುಷ್ಟಿ ಹಿಡಿದು ಇದನ್ನೇ ಮಾಡಿ, ಸೊಂಟವನ್ನೂ ತಿರುಗಿಸಿ.

ಉತ್ತರ 3: ಅಭ್ಯಾಸವೂ ಸರಿಯಿರಬೇಕು. ಸುಮ್ಮನೆ ನಿಂತವರ ಮೇಲೆ ನೂರು ಸಲ ಮಾಡಿ ಪ್ರಯೋಜನವಿಲ್ಲ. ಜೊತೆಗಾರರು ಅರ್ಧ ಬಲದಿಂದ ಶುರುಮಾಡಿ, ಆಮೇಲೆ ಪೂರ್ತಿ ಬಲದಿಂದ ಎಳೆಯಲಿ, ತಳ್ಳಲಿ. ಕೈ ಬಿಟ್ಟ ತಕ್ಷಣ ಹತ್ತು ಹೆಜ್ಜೆ ಓಡುವುದನ್ನೂ ಪ್ರತಿ ಸಲ ಸೇರಿಸಿ. ಬಹಳ ಕೋರ್ಸ್‌ಗಳು ಬಿಡುವುದು ಇದನ್ನೇ.