ಸಹಾಯ ಬೇಕು: ಬಿದ್ರಿ ವಿನ್ಯಾಸಗಳ ಮುದ್ರಿತ ಪೋರ್ಟ್‌ಫೋಲಿಯೊಗೆ ಯಾವ ಹಿನ್ನೆಲೆ ಬಣ್ಣ ಸರಿ?

ಎಲ್ಲರಿಗೂ ನಮಸ್ಕಾರ. ನಾನು ಬೀದರಿನವಳು. ಬಿದ್ರಿ ಕಲೆಗಾಗಿ ರಚಿಸಿದ ನನ್ನ ವಿನ್ಯಾಸಗಳನ್ನೂ, ಅವುಗಳ ಆಧಾರದ ಮೇಲೆ ಇಲ್ಲಿನ ಕುಶಲಕರ್ಮಿಗಳು ಮಾಡಿಕೊಟ್ಟ ವಸ್ತುಗಳ ಛಾಯಾಚಿತ್ರಗಳನ್ನೂ ಸೇರಿಸಿ ಎ4 ಅಳತೆಯ 24 ಪುಟಗಳ ಪೋರ್ಟ್‌ಫೋಲಿಯೊ ಮುದ್ರಿಸಬೇಕೆಂದಿದ್ದೇನೆ.

ತೊಡಕಿರುವುದು ಹಿನ್ನೆಲೆಯ ಬಣ್ಣದಲ್ಲಿ. ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಕೋಟೆಯ ಮಣ್ಣು, ನವಸಾಗರಗಳಿಂದ ಬರುವ ಕಪ್ಪು ಬಹಳ ಆಳವಾದದ್ದು. ಬೆಳ್ಳಿಯ ಕುಸುರಿ ಎದ್ದು ಕಾಣುವುದೇ ಅದರಿಂದ. ಮೊದಲ ಮಾದರಿಯನ್ನು ಕಪ್ಪು ಹಿನ್ನೆಲೆಯಲ್ಲಿ ಮುದ್ರಿಸಿದಾಗ ಸುರಾಹಿಯ ಕತ್ತಿನ ಅಂಚು ಪುಟದೊಳಗೆ ಕರಗಿಹೋಗಿ, ಬೆಳ್ಳಿಯ ಬಳ್ಳಿಯೊಂದೇ ಗಾಳಿಯಲ್ಲಿ ತೇಲುವಂತೆ ಕಂಡಿತು; ಪುಟ ಮಗುಚಿದಲ್ಲೆಲ್ಲ ಬೆರಳಚ್ಚು ಬೇರೆ ಉಳಿಯಿತು. ಅಚ್ಚ ಬಿಳಿಯಲ್ಲಿ ಆಕಾರ ಸ್ಪಷ್ಟವಾಯಿತಾದರೂ ಬೆಳ್ಳಿ ಮಂಕಾಯಿತು, ಏಕೆಂದರೆ ನಾಲ್ಕು ಬಣ್ಣಗಳ ಮುದ್ರಣದಲ್ಲಿ ಬೆಳ್ಳಿಯೆಂದರೆ ಕೇವಲ ಬೂದು. ಈಗ ಮನಸ್ಸು ಶೇ. 15ರಷ್ಟು ಕಪ್ಪು ಶಾಯಿಯ ತಿಳಿಬೂದಿಯ ಕಡೆಗೆ ವಾಲುತ್ತಿದೆ. ಅಷ್ಟು ತಿಳಿಯಾದ ಬಣ್ಣ ಇಡೀ ಪುಟದಲ್ಲಿ ಪಟ್ಟೆ ಬೀಳದೆ ಸಮನಾಗಿ ಕೂರುತ್ತದೆಯೇ, ಅಥವಾ ಕೆನೆಬಣ್ಣದ ಮ್ಯಾಟ್ ಕಾಗದವನ್ನೇ ಆರಿಸಿಕೊಳ್ಳುವುದು ಲೇಸೇ?

ಎಡಪುಟದಲ್ಲಿ ಪೆನ್ಸಿಲ್ ರೇಖಾಚಿತ್ರ, ಬಲಪುಟದಲ್ಲಿ ಸಿದ್ಧವಸ್ತು ಎಂದು ಜೋಡಿಸಿದ್ದೇನೆ. ಹೂದಾನಿ, ಸುರಾಹಿಗಳಿಗೆ ಲಂಬ ಪುಟವೇ ಒಪ್ಪುತ್ತದೆ. ಆದರೆ ಅಗಲವಾದ ತಟ್ಟೆಯ ವಿನ್ಯಾಸವನ್ನು ಎರಡು ಪುಟಗಳಿಗೂ ಹರಡಿದರೆ ನಡುವಿನ ಹೂವು ಹೊಲಿಗೆಯ ಸಂದಿಯಲ್ಲಿ ಸಿಕ್ಕಿಬೀಳುತ್ತದೆ. ಇದಕ್ಕೆ ಮಡಿಕೆಪುಟ ಇಡಿಸಬಹುದೇ? ಬೀದರ್ ಅಥವಾ ಕಲಬುರಗಿಯಲ್ಲಿ ಇಂತಹ ಕೆಲಸ ಮುದ್ರಿಸಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ. ಸಾಧ್ಯವಾದರೆ ತಮ್ಮ ಮುದ್ರಿತ ಪುಟದ ಚಿತ್ರವನ್ನೂ ಹಾಕಿ.